ದೊಡ್ಡವ್ವನ ಆಣೆ, ದೊಡ್ಡಪ್ಪನ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ದೊಡ್ಡವ್ವ ಗಂಗಕ್ಕ ಬೆಲ್ಲ ಕದ್ದು ತಿಂದಿರಲಿಲ್ಲ. ಅವಳ ಗಂಡ ಹಾಗೆ ನಂಬಿದ್ದ, ಗಂಡನ ಅಣ್ಣನ ಮಗ ಶಿವರಾಜ್ ನಂಬಿದ್ದ, ಅಕ್ಕಪಕ್ಕದಲ್ಲಿ ಮಂದೆ ಬಿಟ್ಟಿದ್ದ ಕುರಿಯವರೆಲ್ಲ ನಂಬಿದ್ದರು. ಒಡಹುಟ್ಟಿದ ತಂಗಿ, ಅಂದರೆ ನನ್ನ ತಾಯಿ ಬೊಮ್ಮಕ್ಕ ಕೂಡ ಒಂದಷ್ಟು ದಿನ, ‘ಬಾಯಿಚಪಲ, ಏನ್ ಮಾಡಾದು’ ಎಂದು ತಲೆಯಾಡಿಸಿದ್ದಳು. ಓದುವವರೂ ಅದೇ ಸಾಲಿಗೆ ಸೇರುವುದು ಬೇಡ ಎಂದು ಮೊದಲೇ ಹೇಳುತ್ತಿದ್ದೇನೆ.

ದೊಡ್ಡವ್ವ ಹುಟ್ಟಿದ್ದು ನಮ್ಮ ತುರುವನೂರಿನಲ್ಲಿ. ಕೊಟ್ಟಿದ್ದು ಹೊಳಲ್ಕೆರೆ ತಾಲ್ಲೂಕು ರಾಮಗಿರಿ ಗುಡ್ಡದ ಹಿಂದಿನ ಹಟ್ಟಿಗೆ. ಕುರಿ ಇರುವ ಮನೆಯಿಂದ ಕುರಿ ಇರುವ ಮನೆಗೇ ಹೋದಳು, ಹಾಗಾಗಿ ಅತ್ತೆಮನೆ ಹೊಸದು ಅನಿಸಲಿಲ್ಲವಂತೆ. ಮನೆಯಲ್ಲಿ ಕೂತು ಗೊತ್ತಿಲ್ಲದ ಹೆಂಗಸು. ಕೊಯ್ಲು ಮುಗಿದು ಹೊಲಗಳು ಖಾಲಿಯಾದವು ಅಂದರೆ ಹೊಸದುರ್ಗದ ಕಡೆಯಿಂದ ಹಿರಿಯೂರಿನ ವೇದಾವತಿ ದಂಡೆಯವರೆಗೆ ಮಂದೆಯ ಹಿಂದೆ ನಡೆಯುತ್ತಿದ್ದಳು. ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುವುದು, ಅಲ್ಲೇ ಒಲೆ ಹೂಡುವುದು, ಮುಂದಿನ ಹೊಲಕ್ಕೆ ಹೋಗುವುದು, ಇದೇ ಅವಳ ಸಂಸಾರ. ಮಕ್ಕಳಾಗಲಿಲ್ಲ. ಯಾರಾದರೂ ಅಯ್ಯೋ ಪಾಪ ಎಂದರೆ ಸೊಂಟಕ್ಕೆ ಕೈ ಕೊಟ್ಟು, “ನಂಗೆ ಒಂದು ಮಂದೆ ಮಕ್ಳು ಅವೆ. ನಿಂಗೆಷ್ಟವ್ವ?” ಎಂದು ಕೇಳುವಳು.

ದೊಡ್ಡಪ್ಪ ಗುಡ್ಡಪ್ಪ ಕುರಿಯವನಾಗುವ ಮೊದಲು ಹಿರಿಯೂರಿನಿಂದ ತೆಂಗಿನಕಾಯಿ ಲಾರಿ ಓಡಿಸುತ್ತಿದ್ದ. ಅವರಪ್ಪ ತೀರಿಕೊಂಡ ಮೇಲೆ ಸ್ಟೇರಿಂಗ್ ಬಿಟ್ಟು ಕೋಲು ಹಿಡಿದ. ಆದರೆ ಲಾರಿಯ ಬುದ್ಧಿ ಹೋಗಲಿಲ್ಲ. “ಮನ್ಸ ಸುಳ್ಳು ಹೇಳ್ತಾನೆ, ಮೀಟ್ರು ಹೇಳಲ್ಲ” ಎನ್ನುವುದು ಅವನ ವೇದವಾಕ್ಯ. ಡೀಸೆಲ್ ಮುಳ್ಳು, ಶಾಖದ ಮುಳ್ಳು, ಕರೆಂಟ್ ಮೀಟರ್, ಎಲ್ಲದಕ್ಕೂ ಕೈ ಮುಗಿಯುವ ಮನುಷ್ಯ. ಒಳ್ಳೆಯವನೇ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆಮೇಲೆ ಅವನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲವಾದರೂ ಇದನ್ನು ಹೇಳದಿದ್ದರೆ ನನಗೆ ಪಾಪ ತಟ್ಟೀತು.

ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಬಂತು. ಮೊದಲು ಮಾತ್ರೆ, ಆಮೇಲೆ ಇನ್ಸುಲಿನ್ ಸೂಜಿ. ಪಾದಗಳು ಜೋಮು ಹಿಡಿದವು. ಬಿಸಿ ಬೂದಿ ತುಳಿದರೂ ಗೊತ್ತಾಗದು. ಆಸ್ಪತ್ರೆಯ ನರ್ಸಮ್ಮ ಮೆತ್ತನೆಯ ಚಪ್ಪಲಿ ಹಾಕಿಸಿ ಎರಡು ಮಾತು ಹೇಳಿದ್ದಳು: “ಔಷ್ದಿ ಬಿಸಿಯಾಗಿ ಕೆಟ್ರೆ ನೀರು ಚುಚ್ಕಂಡಂಗೆ. ಬರಿಗಾಲಲ್ಲಿ ಓಡಾಡಿ ಗಾಯ ಮಾಡ್ಕಂಡ್ರೆ ಕಾಲೇ ಹೋಗ್ತದೆ. ಇವೆರಡು ನೆನಪಿಟ್ಕ ಗಂಗಮ್ಮ.” ದೊಡ್ಡವ್ವ ಸಾವಿಗೆ ಹೆದರಿದವಳಲ್ಲ, ಕಾಲು ಹೋಗುವುದಕ್ಕೆ ಮಾತ್ರ ಹೆದರಿದಳು. ಕಾಲಿಲ್ಲದವಳು ಮಂದೆಯ ಹಿಂದೆ ಹೇಗೆ ಹೋದಾಳು? ಅವಳು ಔಷಧಿ ಬಾಟಲಿಯನ್ನು ಸಣ್ಣ ಕುಡಿಕೆಯಲ್ಲಿಟ್ಟು, ಆ ಕುಡಿಕೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹೂತು, ಮರದ ನೆರಳಲ್ಲಿಡುತ್ತಿದ್ದಳು. ದಿನಕ್ಕೆರಡು ಸಲ ಮರಳಿಗೆ ನೀರು. ಬೇಸಿಗೆಗಳು ಹಾಗೇ ಕಳೆದವು, ಸಕ್ಕರೆ ಹತೋಟಿಯಲ್ಲೇ ಇತ್ತು.

ಆಗ ದೊಡ್ಡಪ್ಪನಿಗೆ ಹೆಂಡತಿಯ ಮೇಲೆ ಮರುಕ ಉಕ್ಕಿತು. ಇವಳು ಇನ್ನು ನಡೆಯಬಾರದು, ನೆಲದ ಮೇಲೆ ಮಲಗಬಾರದು ಎಂದುಕೊಂಡ. ಹಿರಿಯೂರಿನ ಹೈವೇ ಪಕ್ಕದ ಗುಜರಿಯಲ್ಲಿ ಒಂದು ಹಳೆಯ ಮಿನಿಬಸ್ಸು ನಿಂತಿತ್ತು. ಯಾರೋ ಪ್ರವಾಸದವರು ಅದರ ಸೀಟು ಕಿತ್ತು ಮನೆ ಮಾಡಿಸಿದ್ದರಂತೆ. ಮಂಚ, ಒಲೆಕಟ್ಟೆ, ನೀರಿನ ಟ್ಯಾಂಕು, ಕಿಟಕಿಗೆ ಪರದೆ. ಪ್ರವಾಸ ನಡೆಯಲಿಲ್ಲ, ಗಾಡಿ ಗುಜರಿ ಸೇರಿತು. ದೊಡ್ಡಪ್ಪ ಒಂದಷ್ಟು ಕೊಬ್ಬಿದ ಟಗರುಗಳನ್ನು ಬಿಟ್ಟುಕೊಟ್ಟು ಅದನ್ನು ಹೊಡೆದುಕೊಂಡು ಬಂದ. ಹಟ್ಟಿಯ ಜನ ನಕ್ಕರು. “ಗುಡ್ಡಣ್ಣ ಕುರಿ ಕಾಯಾಕೆ ಬಸ್ನಾಗೆ ಹೋಗ್ತಾನಂತೆ, ಟಿಕೇಟು ಯಾರು ಹರೀತಾರೋ?” ಎಂದರು. ಅವನೂ ನಕ್ಕ. ಹೆಂಡತಿಗೆಂದು ತಂದಿದ್ದನಲ್ಲ, ಹಾಗಾಗಿ ಹೆಮ್ಮೆಯಿತ್ತು.

ಆ ಗಾಡಿಯಲ್ಲಿ ಒಂದು ತಂಪು ಪೆಟ್ಟಿಗೆ ಇತ್ತು. ಕರೆಂಟಿನದಲ್ಲ, ಗ್ಯಾಸಿನದು. ಹಿಂದುಗಡೆ ಒಂದು ಸಣ್ಣ ಉರಿ ಹಗಲು ರಾತ್ರಿ ಉರಿಯಬೇಕು, ಆಗ ಒಳಗೆ ತಣ್ಣಗಾಗುತ್ತದೆ. ಬೆಂಕಿ ಹಚ್ಚಿದರೆ ಮಂಜುಗಡ್ಡೆ! ದೊಡ್ಡಪ್ಪ ಅದರ ಮುಂದೆ ಮಕ್ಕಳ ಹಾಗೆ ಕೂತುಬಿಟ್ಟ. ಮಳೆಗಾಲವೆಲ್ಲ ಗಾಡಿ ಹಟ್ಟಿಯ ಬಯಲಲ್ಲಿ ನಿಂತಿದ್ದಾಗ ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು, ಮೇಲಿನ ಗೂಡಿನಲ್ಲಿಟ್ಟ ಲೋಟದ ನೀರು ಗಡ್ಡೆ ಕಟ್ಟುತ್ತಿತ್ತು. ಮರಳಿನ ಮಡಕೆಯನ್ನು ಅವನು ಮರಿಗಳ ನೀರಿಗೆ ಇಟ್ಟ. ಒಂದು ಮರಿ ಹತ್ತಿ ಅದು ಒಡೆಯಿತು. “ಹೋಗ್ಲಿ ಬಿಡು, ಇನ್ಯಾಕೆ ಅದು?” ಎಂದ.

ದೀಪಾವಳಿ ಮುಗಿಸಿ ಹೊರಟರು. ಶಿವರಾಜ್ ಮಂದೆಯ ಜೊತೆ ನಡೆದ, ಗಂಡ ಹೆಂಡತಿ ಗಾಡಿಯಲ್ಲಿ. ಕುರಿಯವರು ಮಂದೆಯನ್ನು ಸಮತಟ್ಟಿನಲ್ಲಿ ತರುಬುವುದಿಲ್ಲ. ಗಂಜಲ, ಮಳೆನೀರು ನಿಂತರೆ ಗೊರಸು ಕೊಳೆಯುತ್ತದೆ. ಹೊಲ ಎಷ್ಟೇ ಬಯಲಾಗಿದ್ದರೂ ಅದರಲ್ಲೇ ವಾಲಿದ ಜಾಗ ಹುಡುಕಿ, ಸುತ್ತ ಜಾಲಿಮುಳ್ಳು ಹಾಸಿ ರೊಪ್ಪ ಮಾಡುತ್ತಾರೆ. ಕಾಯುವವನ ಜಾಗ ಯಾವಾಗಲೂ ರೊಪ್ಪದ ಮೇಲ್ಭಾಗದಲ್ಲಿ, ಕೂತಲ್ಲಿಂದ ಕಡೆಯ ಕುರಿಯೂ ಕಾಣಬೇಕು. ದೊಡ್ಡಪ್ಪನ ಗಾಡಿಯೂ ಅಲ್ಲಿಯೇ, ಗಾಲಿಗೆ ಕಲ್ಲು ಕೊಟ್ಟುಕೊಂಡು ವಾಲಿ ನಿಲ್ಲುತ್ತಿತ್ತು. ದೊಡ್ಡವ್ವ ದೋಸೆ ಹುಯ್ದರೆ ಹಿಟ್ಟು ಒಂದೇ ಕಡೆಗೆ ಓಡುವುದು. “ಇದೇನ್ ದೋಸೆನಾ, ಕೆರೆ ಕೋಡಿನಾ?” ಎಂದು ಬೈದು, ಒಲೆಯ ಒಂದು ಕಾಲಿಗೆ ಚಪ್ಪಟೆ ಕಲ್ಲು ಕೊಟ್ಟು ಸರಿಮಾಡಿಕೊಂಡಳು.

ಸ್ವಲ್ಪ ದಿನಕ್ಕೆ ಪೆಟ್ಟಿಗೆಯ ತಂಪು ಕಮ್ಮಿಯಾಯಿತು. ದೊಡ್ಡಪ್ಪ ತಲೆ ತೂರಿಸಿ ನೋಡಿದ. ಉರಿ ಹಳದಿಯಾಗಿ ನಡುಗುತ್ತಿತ್ತು. ಸಿಲಿಂಡರ್ ಮುಗಿಯಿತೇನೋ ಎಂದು ಅಲ್ಲಾಡಿಸಿದ, ಒದ್ದೆ ಬಟ್ಟೆ ಸುತ್ತಿ ಗ್ಯಾಸ್ ಎಲ್ಲಿಯವರೆಗಿದೆ ಎಂದು ನೋಡಿದ, ಅರ್ಧಕ್ಕಿಂತ ಹೆಚ್ಚೇ ಇತ್ತು. ರೆಗ್ಯುಲೇಟರ್ ಬದಲಿಸಿದ. ಹಳದಿ ಹೋಗಲಿಲ್ಲ. ಹಿರಿಯೂರಿನಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವ ಜಂಬಣ್ಣನ ಅಂಗಡಿಗೆ ಗಾಡಿ ಹೊಡೆದುಕೊಂಡು ಹೋದ.

“ಬರ್ರಿ ಗುಡ್ಡಣ್ಣ, ಕುಂತ್ಕಳ್ರಿ. ಇಂಥದ್ನ ನಾನೂ ನೋಡಿಲ್ಲ, ನೋಡಾಣ” ಎಂದ ಜಂಬಣ್ಣ. ಅಂಗಡಿಯ ಮುಂದಿನ ಸಿಮೆಂಟಿನ ಮೇಲೆ ಗಾಡಿ ನಿಲ್ಲಿಸಿ ಕೆಲಸಕ್ಕೆ ಕೂತ. ಸೋಪಿನ ನೊರೆ ಹಚ್ಚಿದರೆ ಪೈಪಿನ ಒಂದು ಕಡೆ ಗುಳ್ಳೆ ಎದ್ದಿತು. ಪೈಪು ಬದಲಿಸಿದ. ಉರಿಯ ನಳಿಕೆಯೊಳಗೆ ಜೇಡ ಗೂಡು ಕಟ್ಟಿತ್ತು, ತಂತಿ ಹಾಕಿ ತೆಗೆದ. ಮೇಲಿನ ಹೊಗೆಗೂಡಿನ ಮಸಿ ಉದುರಿಸಿದ. ಒತ್ತಿ ಹಿಡಿದ ಗುಂಡಿ ಬಿಟ್ಟ ಕೂಡಲೇ ಉರಿ ಆರುತ್ತಿತ್ತು, ಶಾಖ ಹಿಡಿಯುವ ಕಡ್ಡಿ ಸವೆದಿದೆ ಎಂದು ಅದನ್ನೂ ಬದಲಿಸಿದ. ಉರಿ ನೀಲಿಯಾಗಿ, ನೆಟ್ಟಗೆ, ಸದ್ದಿಲ್ಲದೆ ನಿಂತಿತು. ಮರುದಿನ ಬೆಳಿಗ್ಗೆಗೆ ಪೆಟ್ಟಿಗೆಯೊಳಗೆ ಮಂಜು. “ನೀಲಿ ಉರಿ ಇತ್ತಾ, ಪೆಟ್ಗೆ ಸರಿ ಐತೆ ಅಂತ ತಿಳ್ಕಳ್ರಿ. ಬಾಗ್ಲು ಮಾತ್ರ ಸುಮ್‌ಸುಮ್ನೆ ತೆಗೀಬ್ಯಾಡ್ರಿ” ಎಂದು ಕಳಿಸಿದ. ಪಾಪ, ಅವನಿಗೆ ತಿಳಿದಿದ್ದು ಅಷ್ಟು.

ರೊಪ್ಪಕ್ಕೆ ಹಿಂದಿರುಗಿದ ಮೇಲೆ ಉರಿ ನೀಲಿಯಾಗಿಯೇ ಇತ್ತು. ಪೆಟ್ಟಿಗೆ ಮಾತ್ರ ಮತ್ತೆ ತಣ್ಣಗಾಗಲಿಲ್ಲ.

“ತಣ್ಣಗಿಲ್ಲ ಕಣಯ್ಯ” ಎಂದಳು ದೊಡ್ಡವ್ವ.

“ಉರಿ ನೋಡು, ಹೆಂಗೈತೆ!”

“ಉರಿ ಕಟ್ಕಂಡು ನಾನೇನ್ ಮಾಡ್ಲಿ? ಒಳಗೆ ಕೈ ಇಟ್ಟು ನೋಡು.”

ಅವನು ಮುಂಜಾನೆಯ ಚಳಿಯಲ್ಲಿ ಕೈ ಇಟ್ಟು ನೋಡಿದ. ಆ ಹೊತ್ತಿನಲ್ಲಿ ಯಾವುದು ತಣ್ಣಗಿರುವುದಿಲ್ಲ? “ತಂಪಾಗೈತೆ. ಕಾಲು ಜೋಮು ಹಿಡ್ದೋಳಿಗೆ ಕೈಗೇನ್ ತಿಳೀತದೆ, ಬಿಡೇ” ಎಂದುಬಿಟ್ಟ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅನ್ನುತ್ತಾರಲ್ಲ, ಅವನಿಗೆ ಕೋಪ ಬಂದಿತ್ತು. ತಾನು ಟಗರು ಕೊಟ್ಟು ತಂದದ್ದನ್ನು ಅವಳು ಹಳಿಯುತ್ತಿದ್ದಾಳೆ ಎಂದು. ಮತ್ತೊಂದು ಸಲ ಜಂಬಣ್ಣನಲ್ಲಿಗೆ ಹೋದ. ಅಲ್ಲಿ ಒಂದು ರಾತ್ರಿ ನಿಂತ ಮೇಲೆ ಪೆಟ್ಟಿಗೆ ಮತ್ತೆ ತಣ್ಣಗಾಯಿತು. “ಏನೂ ಆಗಿಲ್ಲ ಗುಡ್ಡಣ್ಣ” ಎಂದ ಜಂಬಣ್ಣ. ಅಲ್ಲಿಗೆ ದೊಡ್ಡಪ್ಪನ ಮನಸ್ಸಿನಲ್ಲಿ ಪೆಟ್ಟಿಗೆಯ ವಿಚಾರ ತೀರ್ಮಾನವಾಯಿತು. ಬೇರೆ ಮಡಕೆ ತಂದು ಮರಳು ತುಂಬುತ್ತೇನೆ ಎಂದು ದೊಡ್ಡವ್ವ ಹೇಳಿದರೂ ಒಪ್ಪಲಿಲ್ಲ.

ಸಂಕ್ರಾಂತಿ ಕಳೆದು ಬಿಸಿಲು ಏರಿತು. ದೊಡ್ಡವ್ವನ ಸಕ್ಕರೆಯೂ ಏರಿತು. ಬೆರಳಿಗೆ ಚುಚ್ಚಿ ನೋಡುವ ಮಿಷನ್ನು ದೊಡ್ಡಪ್ಪನ ಹತ್ತಿರವೇ ಇರುತ್ತಿತ್ತು. ನರ್ಸಮ್ಮ ಹೊಸ ಬಾಟಲಿ ಕೊಟ್ಟಾಗ ಸಕ್ಕರೆ ಇಳಿಯುತ್ತಿತ್ತು, ಸ್ವಲ್ಪ ದಿನಕ್ಕೆ ಮತ್ತೆ ಏರುತ್ತಿತ್ತು. ಹೊಸ ಔಷಧಿ ಕೆಲಸ ಮಾಡುತ್ತಿತ್ತು, ಪೆಟ್ಟಿಗೆಯಲ್ಲಿ ಕೂತು ಕೆಡುತ್ತಿತ್ತು, ಇಷ್ಟೇ. ದೊಡ್ಡಪ್ಪನಿಗೆ ಬೇರೆ ಕಂಡಿತು. ನರ್ಸಮ್ಮ ಬೈದ ಹೊಸದರಲ್ಲಿ ಇವಳು ಬಾಯಿ ಕಟ್ಟುತ್ತಾಳೆ, ಆಮೇಲೆ ಶುರು ಮಾಡುತ್ತಾಳೆ ಎಂದುಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಿಲ್ಲ.

“ಲೇ ಗಂಗಿ, ನಿಜ ಹೇಳು. ರೈತರು ಕೊಟ್ಟ ಬೆಲ್ಲ ತಿಂದ್ಯಾ?”

“ಇಲ್ಲ.”

“ಮಿಷನ್ ಸುಳ್ಳು ಹೇಳ್ತದಾ?”

“ಮಿಷನ್ ನಿಜ ಹೇಳ್ತದೆ, ನಾನೂ ನಿಜ ಹೇಳ್ತೀನಿ. ಪೆಟ್ಗೆ ನೋಡು ಅಂದೆ.”

ಮಾತು ಬೆಳೆದು ಒಂದು ದಿನ ಆಣೆಗೆ ಬಂತು. ಆ ಮನೆತನದ ಆಣೆ ಸಾಮಾನ್ಯದ್ದಲ್ಲ. ಮಂದೆಯ ಹಿರಿ ಟಗರನ್ನು ರೊಪ್ಪದ ಬಾಯಲ್ಲಿ ನಿಲ್ಲಿಸಿ ಅದರ ತಲೆಯ ಮೇಲೆ ಕೈ ಇಟ್ಟು ಹೇಳಬೇಕು. ಸುಳ್ಳು ಹೇಳಿದರೆ ಮಂದೆ ನಾಶ. ಅಷ್ಟು ವರ್ಷದ ಸಂಸಾರದಲ್ಲಿ ಯಾರೂ ಅವಳ ಕೈಲಿ ಆ ಆಣೆ ಇಡಿಸಿರಲಿಲ್ಲ. ದೊಡ್ಡವ್ವ ಹಿಂದೆ ಮುಂದೆ ನೋಡದೆ ಕೈ ಇಟ್ಟಳು. “ಒಂದು ಚೂರು ಬೆಲ್ಲ ನನ್ನ ಬಾಯಿಗೆ ಹೋಗಿದ್ರೆ ಈ ಮಕ್ಳು ಉಳೀಬಾರ್ದು” ಎಂದಳು. ಆ ಮಂದೆ ಅವಳಿಗೆ ಏನೆಂದು ತಿಳಿದವನಿಗೆ ಅಷ್ಟು ಸಾಕಾಗಬೇಕಿತ್ತು.

ಆ ಸಂಜೆ ನೋಡಿದರೂ ಸಕ್ಕರೆ ಏರಿಯೇ ಇತ್ತು. ಅದರ ಮೇಲೆ ವಾರದೊಳಗೆ ಒಂದಷ್ಟು ಮರಿಗಳು ಕರುಳು ಬೇನೆ ಬಂದು ಸತ್ತವು. ಬೇಸಿಗೆಯಲ್ಲಿ ಮರಿ ಸಾಯುವುದು ಹೊಸದೇನಲ್ಲ. ದೊಡ್ಡಪ್ಪ ಮಾತ್ರ ಸತ್ತ ಮರಿಗಳನ್ನು ಅವಳ ಮುಂದೆ ಸಾಲಾಗಿ ಮಲಗಿಸಿದ. ಅವತ್ತಿನಿಂದ ಮಾತೇ ಬಿಟ್ಟ. ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ, ಬೆರಳಿಗೆ ಚುಚ್ಚಿ ಮಿಷನ್ನು ನೋಡುತ್ತಿದ್ದ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಹೊಲದ ನಡುವೆ ಇರುವುದು ಮೂರೇ ಜನ, ಅದರಲ್ಲಿ ಶಿವರಾಜ್ ಹಗಲೆಲ್ಲ ಕುರಿಯ ಹಿಂದೆ.

“ಬೈದಿದ್ರೆ ತಡ್ಕಂತಿದ್ದೆ ಕಣೇ ಉಷಾ” ಎಂದು ಆಮೇಲೆ ಆಸ್ಪತ್ರೆಯಲ್ಲಿ ನನಗೆ ಹೇಳಿದಳು. “ಮಾತಾಡ್ಲಿಲ್ಲ. ಕುರಿಗಳ ಜೊತೆ ಮಾತಾಡ್ತಿದ್ದ, ನಂಜೊತೆ ಇಲ್ಲ. ಅದ್ಕೆ ಒಂದಿನ ಹೌದು ತಿಂದೆ ಅಂದ್ಬಿಟ್ಟೆ.”

“ತಿನ್ನದೆ ಇರೋದನ್ನ ಯಾಕೆ ಒಪ್ಕಂಡೆ ದೊಡ್ಡವ್ವ?”

“ಮಾತಾಡ್ತಾನೆ ಅಂತ.”

ಅವನು ಮಾತಾಡಿದ, ನಿಜ. ಸುಳ್ಳಾಣೆಗೆ ತಪ್ಪು ತೀರಿಸಬೇಕು ಎಂದ. ತಪ್ಪು ತೀರಿಸುವುದು ಎಂದರೆ ಬರಿಗಾಲಲ್ಲಿ ರೊಪ್ಪವನ್ನು ಮೂರು ಸುತ್ತು ಬಂದು ಹಿರಿ ಟಗರಿನ ಮುಂದೆ ಅಡ್ಡಬೀಳುವುದು. ಪಕ್ಕದ ಹೊಲಗಳ ಕುರಿಯವರನ್ನೂ ಕರೆಸಿದ. ದೊಡ್ಡವ್ವ ನರ್ಸಮ್ಮ ಕೊಟ್ಟ ಚಪ್ಪಲಿಯನ್ನು ಗಾಡಿಯ ಬಾಗಿಲಲ್ಲಿ ಬಿಟ್ಟಳು. “ಜಾಲಿಮುಳ್ಳು ಐತೆ ಚಿಕ್ಕಪ್ಪ, ಚಿಕ್ಕವ್ವ ಚಪ್ಲಿ ಹಾಕ್ಕಳ್ಲಿ” ಎಂದು ಶಿವರಾಜ್ ಒಂದು ಮಾತು ತೆಗೆದನಂತೆ. “ಚಪ್ಲಿ ಹಾಕ್ಕಂಡು ದೇವ್ರ ಸುತ್ತು ಬರ್ತಾರೇನ್ಲಾ?” ಎಂದು ದೊಡ್ಡಪ್ಪ ಗದರಿದ. ಅವಳು ಮೂರು ಸುತ್ತು ಬಂದಳು, ಟಗರಿಗೆ ಅಡ್ಡಬಿದ್ದಳು, ಮಾಡದ ತಪ್ಪಿಗೆ ಕ್ಷಮೆ ಕೇಳಿದಳು. ದೊಡ್ಡಪ್ಪ ಅವತ್ತು ಅವಳ ತಟ್ಟೆಗೆ ತಾನೇ ಮುದ್ದೆ ಇಟ್ಟ. ಮನೆ ಸರಿಹೋಯಿತು ಎಂದುಕೊಂಡ.

ಮುಳ್ಳು ಎಷ್ಟನೆಯ ಸುತ್ತಿನಲ್ಲಿ ಹೊಕ್ಕಿತೋ ಅವಳಿಗೆ ತಿಳಿಯಲೇ ಇಲ್ಲ. ಜೋಮು ಕಾಲಿಗೆ ನೋವೆಲ್ಲಿಯದು? ಗಾಡಿಯಲ್ಲಿ ಏನೋ ಸತ್ತ ವಾಸನೆ ಬರುತ್ತಿದೆ ಎಂದು ಇಲಿ ಹುಡುಕುವಾಗ ದೊಡ್ಡಪ್ಪ ಅವಳ ಪಾದ ನೋಡಿದ. ಹೆಬ್ಬೆರಳ ಬುಡ ಕಪ್ಪಾಗಿತ್ತು.

ಗಾಡಿಯಲ್ಲೇ ಚಿತ್ರದುರ್ಗಕ್ಕೆ ಹೊಡೆದುಕೊಂಡು ಬಂದ. ತುರುವನೂರಿನಿಂದ ನಾನು ಓಡಿದೆ. ಡಾಕ್ಟರು ಮೊದಲು ಬೆರಳು ತೆಗೆದರು. ಆಮೇಲೆ ಮೊಣಕಾಲ ಕೆಳಗೆ ತೆಗೆಯದಿದ್ದರೆ ಜೀವವೇ ಹೋಗುತ್ತದೆ ಎಂದರು. ದೊಡ್ಡವ್ವ ನನ್ನ ಕೈ ಹಿಡಿದುಕೊಂಡು, “ಮಂದೆ ಯಾರ್ ಕಾಯ್ತಾರೆ?” ಎಂದು ಕೇಳಿದಳು. ಶಿವರಾಜ್ ಇದ್ದಾನಲ್ಲ ಎಂದೆ. ಅವಳು ಕೇಳಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು. ಕಾಲು ತೆಗೆದರು.

ದೊಡ್ಡಪ್ಪ ಆಸ್ಪತ್ರೆಯ ಎದುರಿನ ಬಯಲಲ್ಲಿ ಗಾಡಿ ನಿಲ್ಲಿಸಿ ಅದರಲ್ಲೇ ಇದ್ದ. ಒಲೆ ಹಚ್ಚಿ ಗಂಜಿ ಕಾಯಿಸಿ ತರುತ್ತಿದ್ದ. ಒಂದು ಮಧ್ಯಾಹ್ನ, ಕಿತ್ತು ತಿನ್ನುವ ಬಿಸಿಲಿನಲ್ಲಿ, ಉಳಿದ ಮಜ್ಜಿಗೆ ಇಡಲೆಂದು ಪೆಟ್ಟಿಗೆ ತೆಗೆದ. ಒಳಗಿನಿಂದ ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಔಷಧಿಯ ಬಾಟಲಿ ಮುಟ್ಟಿದರೆ ಬೆರಳು ಕೊರೆಯುವಷ್ಟು ತಂಪು. ಯಾರೂ ಅದನ್ನು ಮುಟ್ಟಿರಲಿಲ್ಲ, ರಿಪೇರಿ ಮಾಡಿರಲಿಲ್ಲ. ನನ್ನನ್ನು ಕೂಗಿ ತೋರಿಸಿದ. ಅವನ ಮುಖದಲ್ಲಿ ಆಗ ಇನ್ನೂ ಸಂತೋಷವೇ ಇತ್ತು. ಜಂಬಣ್ಣನಿಗೆ ಫೋನ್ ಹಚ್ಚಿದ.

ಜಂಬಣ್ಣನಿಗೂ ಇದು ತಲೆ ತಿನ್ನುತ್ತಿದ್ದ ವಿಷಯವೇ. ಇಂಥ ಗಾಡಿ ಕಟ್ಟುವವರೊಬ್ಬರ ನಂಬರ್ ಹುಡುಕಿ ಕೇಳಿದ. ಸ್ವಲ್ಪ ಹೊತ್ತಿಗೆ ಅವನೇ ತಿರುಗಿ ಫೋನ್ ಮಾಡಿದ. ದೊಡ್ಡಪ್ಪ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

“ಗುಡ್ಡಣ್ಣ, ಅವ್ರು ಕೇಳಿದ್ದು ಒಂದೇ ಮಾತು. ಗಾಡಿ ಸಮಾ ನಿಂತೈತಾ ಅಂತ. ಆ ಪೆಟ್ಗೇಲಿ ಮೋಟ್ರಿಲ್ವಂತೆ. ಒಳಗಿರೋ ರಸ ಉರಿಗೆ ಕಾದು ಮೇಲಕ್ಕೋಗಿ, ತಾನಾಗೇ ಕೆಳಗಿಳ್ದು ಬರ್ಬೇಕಂತೆ. ಗಾಡಿ ವಾಲಿದ್ರೆ ಅದು ಅರ್ಧದಾರೀಲೇ ನಿಂತ್ಕಂಬಿಡ್ತದಂತೆ. ಉರಿ ಎಷ್ಟು ನೀಲಿ ಇದ್ರೂ ತಂಪಾಗಲ್ವಂತೆ. ನನ್ನಂಗಡಿ ಮುಂದೆ ಸಮಾ ಐತೆ. ನೀವು ಕುರಿ ಹತ್ರ ಎಲ್ಲಿ ನಿಲ್ಲಿಸ್ತೀರಿ?”

ಜಂಬಣ್ಣ ಎರಡು ಸಲ ಹಲೋ ಎಂದ. ಫೋನನ್ನು ಒಲೆಕಟ್ಟೆಯ ಮೇಲಿಟ್ಟು ದೊಡ್ಡಪ್ಪ ನೆಲದಲ್ಲಿ ಕುಸಿದು ಕೂತ. ಒಲೆಯ ಕಾಲಿಗೆ ದೊಡ್ಡವ್ವ ಕೊಟ್ಟಿದ್ದ ಚಪ್ಪಟೆ ಕಲ್ಲು ಇನ್ನೂ ಅಲ್ಲೇ ಇತ್ತು, ಸಮನೆಲದಲ್ಲಿ ಈಗ ಒಲೆಯೇ ವಾಲಿತ್ತು. ಅದನ್ನು ಕೈಲಿ ತೆಗೆದು ನೋಡುತ್ತಾ, “ದೋಸೆ ಓಡ್ತೈತೆ ಅಂದಿದ್ಲಲ್ಲೇ ಉಷಾ. ದಿನಾ ಹೇಳ್ತಿದ್ಲಲ್ಲೇ” ಎಂದು ಎದೆ ಎದೆ ಬಡಿದುಕೊಂಡ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ನನಗೆ ಸಮಾಧಾನ ಹೇಳಲು ಮನಸ್ಸು ಬರಲಿಲ್ಲ, ಹೇಳಲಿಲ್ಲ.

ಮುಖ ತೊಳೆದುಕೊಂಡು ನೇರ ವಾರ್ಡಿಗೆ ಹೋದ. ಹಿಂದೆಯೇ ನಾನು ಹೋದೆ. ದೊಡ್ಡವ್ವ ಎಚ್ಚರವಾಗಿದ್ದಳು, ಕಿಟಕಿಯ ಕಡೆ ನೋಡುತ್ತಿದ್ದಳು.

“ಗಂಗಿ, ನೀನು ಬೆಲ್ಲ ತಿಂದಿಲ್ಲ” ಎಂದ.

ಅವಳು ತಿರುಗಿದಳು. ಎಷ್ಟೋ ದಿನದ ಮೇಲೆ ಅವಳ ಕಣ್ಣಲ್ಲಿ ಒಂದು ಕಳೆ ಬಂದದ್ದನ್ನು ನಾನು ನೋಡಿದೆ. “ಹೂಂ. ತಿಂದಿಲ್ಲ” ಎಂದಳು. “ಈಗ ನಂಬಿದ್ಯಾ?”

“ನಂಬಿದೆ. ನಂದೇ ತಪ್ಪು. ಗಾಡಿ ವಾಲಿದ್ರೆ ಪೆಟ್ಗೆ ತಣ್ಣಗಾಗಲ್ವಂತೆ, ಔಷ್ದಿ ಅದ್ರಾಗೇ ಕೆಟ್ಟೈತೆ. ಇಲ್ಲಿ ಸಮಾ ನಿಂತೈತಲ್ಲ, ಈಗ ಮಂಜುಗಡ್ಡೆ ಆಗೈತೆ ನೋಡು. ಜಂಬಣ್ಣ ಹೇಳ್ದ...”

ಅವನು ಹೇಳುತ್ತಾ ಹೋದ ಹಾಗೆ ಆ ಕಳೆ ಆರಿಹೋಯಿತು. ಅವನಿಗೆ ಅದು ಕಾಣಲಿಲ್ಲ. ಅವನು ನಿಜ ಹೇಳುತ್ತಿದ್ದ, ತಪ್ಪು ಒಪ್ಪುತ್ತಿದ್ದ, ಅದರಲ್ಲಿ ಮುಳುಗಿದ್ದ. ಅವನು ಪೂರ್ತಿ ಹೇಳಿ ಮುಗಿಸುವವರೆಗೂ ಅವಳು ಕೇಳಿದಳು.

“ಹಂಗಾರೆ ಪೆಟ್ಗೆ ಹೇಳ್ತು ಅಂತ ನಂಬ್ದೆ ನೀನು” ಎಂದಳು.

“ಗಂಗಿ...”

“ನಾನು ಹೇಳ್ದಾಗ ನಂಬ್ಲಿಲ್ಲ. ನನ್ ಮಕ್ಳ ತಲೆ ಮೇಲೆ ಕೈ ಇಟ್ಟು ಹೇಳ್ದಾಗ್ಲೂ ನಂಬ್ಲಿಲ್ಲ. ಪೆಟ್ಗೆ ಹೇಳಿದ್ದಕ್ಕೆ ನಂಬ್ದೆ. ಕಾಲು ಹೋಯ್ತು, ಹೋಗ್ಲಿ. ಅದು ನಾಳೆ ಮತ್ತೆ ಬಿಸಿಯಾದ್ರೆ ಏನ್ ಮಾಡ್ತೀಯ?”

ಅವಳು ನನ್ನ ಕಡೆ ನೋಡಿ, “ಉಷಾ, ನಮ್ಮೂರಿಗೆ ಕರ್ಕಂಡ್ ಹೋಗವ್ವ. ಬಸ್ಸಾಗ್ಲಿ ಆಟೋ ಆಗ್ಲಿ. ಆ ಗಾಡಿ ಮಾತ್ರ ಬ್ಯಾಡ” ಎಂದು ಗೋಡೆಯ ಕಡೆ ಮುಖ ಮಾಡಿಕೊಂಡಳು. ದೊಡ್ಡಪ್ಪ ದಿನವೂ ಕೂರುತ್ತಿದ್ದಂತೆ ಮಂಚದ ಕಾಲ ಕಡೆ ಕೂರಲು ಹೋದ. ಹೊದಿಕೆಯ ಕೆಳಗೆ ಒಂದು ಪಕ್ಕ ಖಾಲಿ ಇತ್ತು. ಅವನು ಕೂರಲಿಲ್ಲ, ನಿಂತೇ ಇದ್ದ.